ಸೀರಿಯಸ್ ಅಂತ ಬಂದ ತಂತಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ತಂತಿ ಬಂದದ್ದು ಒಂದೇ ಒಂದು ಸಲ. ತಂತಿ ಅಂದರೆ ಏನೆಂದು ನಿಮಗೆ ಗೊತ್ತಿರಲಾರದು. ಊರೂರಿಗೆ ಫೋನಿಲ್ಲದ ಕಾಲದಲ್ಲಿ ಅವಸರದ ಸುದ್ದಿಯನ್ನು ತಂತಿಯಲ್ಲಿ ಕಳಿಸುತ್ತಿದ್ದರು. ಒಂದೂರಿನಲ್ಲಿ ಕೂತವರು ಟಕಟಕ ಎಂದು ಕುಟ್ಟಿದರೆ ಇನ್ನೊಂದೂರಿನಲ್ಲಿ ಅದೇ ಟಕಟಕ ಕೇಳಿಸುತ್ತಿತ್ತು. ಕೇಳಿಸಿಕೊಂಡವರು ಅದನ್ನು ಕಾಗದದ ಮೇಲೆ ಇಂಗ್ಲಿಷಿನಲ್ಲಿ ಬರೆದುಕೊಡುತ್ತಿದ್ದರು. ನಾಲ್ಕೈದು ಪದ, ಅಷ್ಟೇ. ನಮ್ಮಂಥವರ ಮನೆಗೆ ಒಳ್ಳೆಯ ಸುದ್ದಿಯ ತಂತಿ ಬಂದದ್ದನ್ನು ನಾನಂತೂ ಕಾಣೆ. ತಂತಿ ಬಂತು ಅಂದರೆ ಸಾಕು, ಅದನ್ನು ಓದಿಸುವ ಮೊದಲೇ ಹೆಂಗಸರು ಅಳು ತೆಗೆಯುತ್ತಿದ್ದರು.

ಆಗ ನಾವು ರಾಮಗಿರಿಯಲ್ಲಿದ್ದೆವು. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಹಳಿಗಳನ್ನು ನೋಡಿಕೊಳ್ಳುವುದು, ಸಡಿಲವಾದದ್ದನ್ನು ಬಿಗಿ ಮಾಡುವುದು ಅವನ ಕೆಲಸ. ನಮ್ಮ ಮನೆ ಸ್ಟೇಷನ್ನಿಗೆ ಎಷ್ಟು ಹತ್ತಿರವಿತ್ತು ಎಂದರೆ ರೈಲು ಬಂದಾಗಲೆಲ್ಲ ಗೂಡಿನಲ್ಲಿಟ್ಟ ಲೋಟಗಳು ಗಲಗಲ ಅನ್ನುತ್ತಿದ್ದವು. ಇಂಜಿನ್ನಿನ ಕಲ್ಲಿದ್ದಲ ಹೊಗೆಗೆ ಅಮ್ಮ ಒಗೆದು ಹಾಕಿದ ಬಟ್ಟೆಯಲ್ಲಿ ಒಂದೂ ಬೆಳ್ಳಗೆ ಉಳಿಯುತ್ತಿರಲಿಲ್ಲ. ಗಾಳಿ ಬೆಟ್ಟದ ಕಡೆಯಿಂದ ಬೀಸಿದ ದಿನ ಮಾತ್ರ ಅಮ್ಮ ಬಿಳಿ ಬಟ್ಟೆ ಒಗೆಯುತ್ತಿದ್ದಳು.

ನಾನು ಏಳನೇ ಕ್ಲಾಸಿನಲ್ಲಿದ್ದೆ. ಮೊದಲಿನಿಂದಲೂ ನಾನು ಅನುಮಾನದ ಪ್ರಾಣಿ. ಅಕ್ಕನ ಕೈಗೆ ಬೆಲ್ಲ ಒಂದು ಚೂರು ಹೆಚ್ಚು ಬಿತ್ತೇ, ಅಪ್ಪ ಅಮ್ಮ ನಾನು ಬಂದ ಕೂಡಲೇ ಮಾತು ಯಾಕೆ ನಿಲ್ಲಿಸಿದರು, ಇವೆಲ್ಲ ನನಗೆ ಬೇಕಿತ್ತು. ಅಕ್ಕ ನನ್ನನ್ನು ಪೊಲೀಸಮ್ಮ ಎಂದು ಕರೆಯುತ್ತಿದ್ದಳು. ಕರೆದರೆ ಕರೆಯಲಿ, ನನ್ನ ಅನುಮಾನಗಳಲ್ಲಿ ಅರ್ಧದಷ್ಟಾದರೂ ನಿಜವಾಗುತ್ತಿದ್ದವು.

ಅವತ್ತು ಬೆಳಿಗ್ಗೆ ನಾನು ಹಿತ್ತಲಿನಲ್ಲಿ ಇದ್ದಿಲು ಪುಡಿ ಹಾಕಿಕೊಂಡು ಹಲ್ಲುಜ್ಜುತ್ತಿದ್ದೆ. ಕೆಲಸಕ್ಕೆಂದು ಹೋಗಿದ್ದ ಅಪ್ಪ ಕಾಲು ಗಂಟೆಯೊಳಗೆ ವಾಪಸು ಬಂದ. ಹೋಗುವಾಗ ಭುಜದ ಮೇಲಿದ್ದ ಸುತ್ತಿಗೆ ಬರುವಾಗ ಇರಲಿಲ್ಲ. ಅವನ ಜೊತೆಯಲ್ಲಿ ಸ್ಟೇಷನ್ ಮಾಸ್ಟರು. ಆ ಮಾಸ್ಟರು ನಮ್ಮ ಮನೆ ಕಡೆ ಕಾಲಿಟ್ಟವರೇ ಅಲ್ಲ. ಇಬ್ಬರೂ ಬೇಲಿಯ ಆಚೆ ನಿಂತು ಪಿಸುಗುಟ್ಟತೊಡಗಿದರು. ನಾನು ಬಾಯಲ್ಲಿದ್ದುದನ್ನು ಉಗುಳದೆ ಕಿವಿಗೊಟ್ಟೆ.

"ಹೊಸದುರ್ಗದಿಂದ ಬಂದೈತಪ್ಪ. ಮತ್ತೋಡಿನ ನಿಮ್ಮ ಭಾಮೈದ ಕೊಟ್ಟವ್ನೆ," ಎಂದರು ಮಾಸ್ಟರು. "ಫಾದರ್ ಸೀರಿಯಸ್, ಸ್ಟಾರ್ಟ್ ಇಮ್ಮಿಡಿಯೇಟ್ಲಿ ಅಂತ ಐತೆ."

ಮತ್ತೋಡು ಅಂದರೆ ಅಮ್ಮನ ತವರು. ಫಾದರ್ ಅಂದರೆ ಅಮ್ಮನ ಅಪ್ಪ, ನನ್ನ ಅಜ್ಜ. ತಂತಿ ಕೊಟ್ಟದ್ದು ನನ್ನ ಸೋದರಮಾವ. ಅಪ್ಪ ತಲೆಗೆ ಸುತ್ತಿದ್ದ ಟವಲನ್ನು ಮೆಲ್ಲಗೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ಯಾವಾಗ ಹೋದ್ರಂತೆ?" ಎಂದು ಕೇಳಿದ.

"ಅದೇನೂ ಬರ್ದಿಲ್ಲ. ಸೀರಿಯಸ್ ಅಂತ ಅಷ್ಟೇ."

"ಗೊತ್ತಾಯ್ತು ಬಿಡ್ರಿ ಸ್ವಾಮಿ," ಅಂದ ಅಪ್ಪ.

ಅಪ್ಪನಿಗೆ ಏನು ಗೊತ್ತಾಯಿತು ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕು. ನಮ್ಮ ಕಡೆ ಸಾವಿನ ಸುದ್ದಿಯನ್ನು 'ಸತ್ತರು' ಎಂದು ಯಾರೂ ತಂತಿಯಲ್ಲಿ ಬರೆಸುತ್ತಿರಲಿಲ್ಲ. ದೂರದಿಂದ ಬರುವವರು ದಾರಿಯಲ್ಲೇ ಎದೆ ಒಡೆದುಕೊಂಡಾರು, ಬಸ್ಸು ರೈಲಿನಲ್ಲಿ ಬಿದ್ದು ಹೊರಳಾಡಿಯಾರು ಎಂಬ ಕನಿಕರ. ಅದಕ್ಕೆ 'ಸೀರಿಯಸ್' ಎಂದು ಬರೆಸುತ್ತಿದ್ದರು. ತಂತಿ ಓದಿದ ಗಂಡಸರಿಗೆ ಅಷ್ಟರಲ್ಲೇ ಅರ್ಥವಾಗುತ್ತಿತ್ತು. ಅವರು ಮನೆಯೊಳಗೆ ಬಂದು ಹೆಂಗಸರಿಗೆ ಅದನ್ನೂ ಹೇಳುತ್ತಿರಲಿಲ್ಲ. ಇನ್ನೊಂದು ಮೆಟ್ಟಿಲು ಕೆಳಗಿಳಿದು 'ಸ್ವಲ್ಪ ಹುಷಾರಿಲ್ಲವಂತೆ' ಅನ್ನುತ್ತಿದ್ದರು. ಹೀಗೆ ಊರಿಗೆ ಊರೇ ಸೇರಿ ಆಡುತ್ತಿದ್ದ ಕಳ್ಳಾಟ ಅದು.

ಈ ಆಟ ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಇಂಗ್ಲಿಷ್ ಮೇಷ್ಟ್ರು ಹೇಳಿಕೊಟ್ಟದ್ದು ಮಾತ್ರ. ಅದೇ ತಿಂಗಳು ಒಂದು ಪಾಠದಲ್ಲಿ ಆ ಪದ ಬಂದಿತ್ತು. ಒಬ್ಬ ಹುಡುಗ ಮರದಿಂದ ಬಿದ್ದು ಪೆಟ್ಟು ಮಾಡಿಕೊಂಡ ಕಥೆ. ಮೇಷ್ಟ್ರು ಬೋರ್ಡಿನ ಮೇಲೆ 'ಸೀರಿಯಸ್ ಎಂದರೆ ಗಂಭೀರವಾದ' ಎಂದು ಬರೆದರು. ನಮಗೆ ಗಂಭೀರವೂ ಅರ್ಥವಾಗಲಿಲ್ಲ. ಆಗ ಮೇಷ್ಟ್ರು, "ಜೀವ ಐತೆ, ಆದ್ರೆ ಅಪಾಯದಾಗೈತೆ. ಓಡಿಹೋಗಿ ಡಾಕ್ಟ್ರನ್ನ ಕರ್ಕಂಬರೋ ಹೊತ್ತು ಅದು, ಕುಂತು ಅಳೋ ಹೊತ್ತಲ್ಲ, ತಿಳೀತಾ?" ಎಂದಿದ್ದರು. ಅದು ನನಗೆ ಚೆನ್ನಾಗಿ ತಿಳಿದಿತ್ತು. ಆದ್ದರಿಂದ ಈಗ ಎಲ್ಲರೂ ಓಡುತ್ತೇವೆ ಎಂದುಕೊಂಡು ಬಾಯಿ ಮುಕ್ಕಳಿಸಿ ಒಳಗೆ ಬಂದೆ.

ಅಮ್ಮ ರೊಟ್ಟಿ ತಟ್ಟುತ್ತಿದ್ದಳು. ಅಪ್ಪ ಬಾಗಿಲಲ್ಲಿ ನಿಂತು, "ನಿಮ್ಮಪ್ಪಂಗೆ ಸ್ವಲ್ಪ ಮೈಯಾಗೆ ಹುಷಾರಿಲ್ವಂತೆ. ಹೋಗಿಬರಾಣ," ಎಂದ.

ಅಮ್ಮನ ಕೈ ನಿಂತಿತು. "ಸ್ವಲ್ಪ ಅಂದ್ರೆ ಎಷ್ಟು?" ಎಂದು ಕೇಳಿದಳು.

ಅಪ್ಪ ಕೊಡೆ ಎಲ್ಲಿ ಎಂದು ಹುಡುಕತೊಡಗಿದ. ಹೊರಗೆ ಮೋಡದ ಒಂದು ತುಣುಕೂ ಇರಲಿಲ್ಲ. ಅಮ್ಮ ಅವನ ಬೆನ್ನನ್ನೇ ನೋಡಿದಳು. ಹಂಚಿನ ಮೇಲಿದ್ದ ರೊಟ್ಟಿ ಸೀದು ವಾಸನೆ ಬಂತು.

ಬೆಳಗಿನ ರೈಲಿಗೆ ಇನ್ನೂ ಹೊತ್ತಿತ್ತು. ಅಮ್ಮ ಲಗುಬಗೆಯಿಂದ ಸೀರೆ ಬದಲಿಸಿ, ನನಗೂ ತಲೆ ಬಾಚಿ, ಚೀಲ ಹಿಡಿದು ನಿಂತಳು. ಅಪ್ಪ ಮಾತ್ರ ಕದಲಲಿಲ್ಲ. "ಹೊಳಲ್ಕೆರೆಯಿಂದ ನಿನ್ ತಂಗೀನೂ ಬರ್ಲಿ. ಸೈಕಲ್ ಮ್ಯಾಲೆ ಆಳು ಕಳ್ಸೀನಿ. ಮಧ್ಯಾಹ್ನದ ರೈಲಿಗೆ ಎಲ್ರೂ ಒಟ್ಟಿಗೆ ಹೋಗಾಣ," ಎಂದ. ತವರಿನಲ್ಲಿ ತಂದೆ ತೀರಿಕೊಂಡಾಗ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಹೋಗಬಾರದು, ಕೂಡಿಕೊಂಡು ಹೋಗಬೇಕು ಎಂಬುದು ನಮ್ಮವರಲ್ಲಿ ಪದ್ಧತಿ. ಅವನು ಆ ಪದ್ಧತಿಯನ್ನು ಪಾಲಿಸುತ್ತಿದ್ದ. ಹೋದ ಜೀವ ಹೋಗಿದೆ, ಇನ್ನು ಅವಸರ ಏನು ಎಂಬುದು ಅವನ ಲೆಕ್ಕ.

ರೈಲು ಬಂತು. ಗೂಡಿನ ಲೋಟಗಳು ಗಲಗಲ ಅಂದವು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಯಾರೋ ಇಳಿದರು, ಯಾರೋ ಹತ್ತಿದರು, ಗಾರ್ಡು ಹಸಿರು ಬಾವುಟ ಬೀಸಿದ. ನನಗೆ ತಡೆಯಲಾಗಲಿಲ್ಲ. ಅಪ್ಪನ ಹತ್ತಿರ ಓಡಿಹೋಗಿ, "ಅಪ್ಪ, ಸೀರಿಯಸ್ ಅಂದ್ರೆ ಓಡಬೇಕು ಅಂತ ಮೇಷ್ಟ್ರು ಹೇಳವ್ರೆ. ನಾವ್ಯಾಕೆ ಓಡ್ತಿಲ್ಲ?" ಎಂದೆ.

ಅಪ್ಪ ನನ್ನ ತೋಳು ಹಿಡಿದು ಹೊರಗೆ ಕರೆದೊಯ್ದ. ಅವನ ಕಣ್ಣು ಕೆಂಪಾಗಿದ್ದವು. "ಅದು ಪುಸ್ತಕದಾಗಿನ ಮಾತು ಕಣವ್ವ. ತಂತಿಯಾಗೆ ಹಂಗಲ್ಲ, ಹೋದ್ರು ಅಂತ ಅರ್ಥ. ನಿಮ್ಮಮ್ಮನ ಮುಂದೆ ಬಾಯಿ ಬಿಡಬ್ಯಾಡ," ಎಂದ. ಅಷ್ಟರಲ್ಲಿ ರೈಲು ಹೊರಟುಹೋಯಿತು.

ಆಮೇಲೆ ಶುರುವಾಯಿತು ನೋಡಿ ಅಮ್ಮನ ಅನುಮಾನ. ನನ್ನದು ಅವಳ ಮುಂದೆ ಏನೂ ಅಲ್ಲ. ಅಕ್ಕಪಕ್ಕದವರು ಒಬ್ಬೊಬ್ಬರೇ ಬಂದು ಅಮ್ಮನ ಮುಖ ನೋಡಿ, ಏನೂ ಹೇಳದೆ, ಕೂತು ಎದ್ದು ಹೋಗತೊಡಗಿದರು. ಪಕ್ಕದ ಮನೆಯ ದೊಡ್ಡವ್ವ ಬಿಸಿ ಉಪ್ಪಿಟ್ಟು ತಂದು ಅಮ್ಮನ ಮುಂದಿಟ್ಟಳು. "ಉಂಡ್ಕಂಡು ಹೋಗವ್ವ, ಅಲ್ಲಿ ಒಲೆ ಹಚ್ಚೋದು ಎಷ್ಟೊತ್ತಾಗ್ತೈತೋ," ಅಂದವಳು ತಟ್ಟನೆ ನಾಲಿಗೆ ಕಚ್ಚಿಕೊಂಡಳು.

"ನಮ್ಮಪ್ಪನ ಮನೇಲಿ ಒಲೆ ಯಾಕೆ ಹಚ್ಚಲ್ಲ?" ಎಂದಳು ಅಮ್ಮ.

"ಹಂಗಲ್ಲವ್ವ... ಸೌದೆ ಹಸಿ ಇರ್ತಾವಲ್ಲ, ಅದ್ಕೆ," ಎಂದು ದೊಡ್ಡವ್ವ ಅಲ್ಲಿಂದ ಕಾಲು ಕಿತ್ತಳು. ಅದು ಬೇಸಿಗೆ. ಸೌದೆ ಕೈಯಲ್ಲಿ ಮುರಿದರೆ ಪುಡಿಯಾಗುವಂತಿತ್ತು.

ಅಪ್ಪ ಅಂಗಡಿಗೆ ಹೋಗಿ ಪೇಪರಿನಲ್ಲಿ ಸುತ್ತಿದ ಒಂದು ಗಂಟು ತಂದು ಚೀಲದ ತಳದಲ್ಲಿಟ್ಟ. ಅವನು ಅತ್ತ ತಿರುಗಿದಾಗ ನಾನು ಪೇಪರಿಗೆ ಬೆರಳು ಚುಚ್ಚಿ ನೋಡಿದೆ. ಒಳಗೆ ಹೊಸ ಬಿಳಿ ಬಟ್ಟೆ, ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ. ತಲೆ ಎತ್ತಿದರೆ ಅಮ್ಮ ನನ್ನನ್ನು ನೋಡುತ್ತಿದ್ದಳು. ಅಕ್ಕನನ್ನು ಮನೆ ಕಾಯಲು ಬಿಟ್ಟು ಹೋಗುವುದೆಂದು ಆಯಿತು. ಅಪ್ಪ ಅವಳಿಗೆ, "ಮೂರು ದಿನ ಆಗ್ಬೋದು, ದೊಡ್ಡವ್ವನ ಮನೇಲಿ ಮಲಗು," ಎಂದ. "ಸ್ವಲ್ಪ ಹುಷಾರಿಲ್ದಿದ್ರೆ ಮೂರು ದಿನ ಯಾಕೆ?" ಎಂದು ಅಮ್ಮ ಒಳಗಿನಿಂದಲೇ ಕೇಳಿದಳು. ಅಷ್ಟೆಲ್ಲ ಅನುಮಾನವಿದ್ದರೂ ಅವಳು ಬಾಯಿಬಿಟ್ಟು 'ನಮ್ಮಪ್ಪ ಸತ್ತನಾ' ಎಂದು ಮಾತ್ರ ಕೇಳಲಿಲ್ಲ. ಕೇಳಿಬಿಟ್ಟರೆ ಹೂಂ ಎಂಬ ಉತ್ತರ ಬಂದೀತು ಎಂಬ ಭಯ ಇರಬೇಕು.

ಮಧ್ಯಾಹ್ನದ ಹೊತ್ತಿಗೆ ಹೊಳಲ್ಕೆರೆಯಿಂದ ಚಿಕ್ಕಮ್ಮ ಬಂದಳು. ಅವಳ ಮೂಗು ಕೆಂಪಾಗಿತ್ತು. ಕೇಳಿದರೆ ನೆಗಡಿ ಎಂದಳು. ಅವಳ ಮನೆಯಲ್ಲಿ ಅವಳಿಗೆ 'ಅಪ್ಪಂಗೆ ಸ್ವಲ್ಪ ಜ್ವರ' ಎಂದು ಹೇಳಿ ಕಳಿಸಿದ್ದರು. ತನ್ನ ಅಕ್ಕನಿಗೆ, ಅಂದರೆ ನಮ್ಮಮ್ಮನಿಗೆ, ಎಲ್ಲ ಗೊತ್ತಿದೆ, ತನಗೆ ಮುಚ್ಚಿಟ್ಟಿದ್ದಾಳೆ ಎಂದು ಚಿಕ್ಕಮ್ಮನಿಗೆ ಅನುಮಾನ. ತಂಗಿಗೆ ಎಲ್ಲ ಗೊತ್ತಿದೆ, ನನ್ನೆದುರು ನಾಟಕ ಮಾಡುತ್ತಿದ್ದಾಳೆ ಎಂದು ಅಮ್ಮನಿಗೆ ಅನುಮಾನ. ರೈಲಿನಲ್ಲಿ ಇಬ್ಬರೂ ಎದುರುಬದುರು ಕೂತು ಒಬ್ಬರ ಮುಖ ಒಬ್ಬರು ಕದ್ದು ನೋಡುತ್ತಿದ್ದರು. ಎಲ್ಲಿಗೆ ಹೊರಟಿರಿ ಎಂದು ಪಕ್ಕದ ಹೆಂಗಸು ವಿಚಾರಿಸಿದಾಗ ಅಪ್ಪ, "ನಮ್ಮ ಮಾವಂಗೆ ಹುಷಾರಿಲ್ಲ ಕಣ್ರಿ," ಎಂದ. ಆಕೆ ನಮ್ಮೆಲ್ಲರನ್ನೂ ಒಮ್ಮೆ ನೋಡಿ, ಲೊಚಗುಟ್ಟಿ, ಎದ್ದು ಅಮ್ಮನಿಗೆ ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟಳು. ಗುರುತು ಪರಿಚಯವಿಲ್ಲದವರು ನನಗೆ ಕಿಟಕಿ ಯಾಕೆ ಬಿಟ್ಟುಕೊಡುತ್ತಾರೆ ಎಂದು ಅಮ್ಮ ನನ್ನ ಕಿವಿಯಲ್ಲಿ ಕೇಳಿದಳು. ನಾನು ಕಿಟಕಿಯ ಆಚೆ ನೋಡಿದೆ. ಅಪ್ಪನ ಮಾತು ಮೀರುವ ಧೈರ್ಯ ನನಗಿರಲಿಲ್ಲ.

ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಬಸ್ಸು ಹಿಡಿದು ಹೊಸದುರ್ಗ ಸೇರಿದಾಗ ಬಿಸಿಲು ಇಳಿಯತೊಡಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಮತ್ತೋಡಿನ ಬಸ್ಸು ಹೊರಡಲು ಸಿದ್ಧವಾಗಿ ಗುರುಗುಟ್ಟುತ್ತಿತ್ತು. ಅಮ್ಮ ಓಡಿ ಹತ್ತಲು ಹೋದಳು.

"ಇದು ಬ್ಯಾಡ, ಇನ್ನೊಂದು ಬಸ್ಸು ಐತೆ. ಇಲ್ಲೇ ಕುಂತ್ಕಳ್ರಿ, ಹಣ್ಣು ತರ್ತೀನಿ," ಎಂದು ಅಪ್ಪ ಪೇಟೆ ಬೀದಿಗೆ ನಡೆದ. ಅವನು ಹಣ್ಣಿನ ಅಂಗಡಿ ದಾಟಿ ಹೂವಿನ ಅಂಗಡಿಯ ಮುಂದೆ ನಿಂತದ್ದನ್ನು ನಾನು ನೋಡಿದೆ. ದಪ್ಪ ಹಾರವೊಂದನ್ನು ಕಟ್ಟುವಂತೆ ಕೈಯಲ್ಲಿ ಅಳತೆ ತೋರಿಸುತ್ತಿದ್ದ. ಅಮ್ಮನೂ ನೋಡಿದಳು.

ಅಮ್ಮ ನನ್ನ ಕೈ ಹಿಡಿದು ಬಸ್ಸಿನ ಹಿಂದಕ್ಕೆ ಎಳೆದುಕೊಂಡು ಹೋದಳು. "ನಿಜ ಹೇಳು. ಆ ಕಾಗದದಾಗೆ ಏನಂತ ಬರ್ದಿತ್ತು? ನೀನು ಕೇಳ್ಸಿಕೊಂಡಿದೀಯ, ನಂಗೊತ್ತು," ಎಂದಳು.

"ಫಾದರ್ ಸೀರಿಯಸ್ ಅಂತ," ಎಂದೆ.

"ಅಂದ್ರೆ?"

ಅಪ್ಪ ಹೇಳಿದ ಅರ್ಥವೇ ನಿಜವಿದ್ದು, ನಾನು ಮೇಷ್ಟ್ರ ಅರ್ಥ ಹೇಳಿಬಿಟ್ಟರೆ, ಅಮ್ಮ ಆಸೆ ಹೊತ್ತುಕೊಂಡು ಹೋಗಿ ಹೆಣದ ಮುಂದೆ ನಿಲ್ಲುತ್ತಾಳೆ. ಮೇಷ್ಟ್ರ ಅರ್ಥವೇ ನಿಜವಿದ್ದು, ನಾನು ಸುಮ್ಮನಿದ್ದರೆ? ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಕೊನೆಗೆ ಎರಡನ್ನೂ ಹೇಳಿಬಿಟ್ಟೆ. "ದೊಡ್ಡೋರು ಅದಕ್ಕೆ ಸತ್ತೋದ್ರು ಅಂತಾರೆ ಅಮ್ಮ. ಮೇಷ್ಟ್ರು ಮಾತ್ರ ಹಂಗಂದಿಲ್ಲ. ಜೀವ ಐತೆ, ಓಡಬೇಕು ಅಂತ ಹೇಳವ್ರೆ."

ಅಮ್ಮ ನನ್ನ ಮುಖವನ್ನೇ ನೋಡಿದಳು. ಅಳಲಿಲ್ಲ. "ನಿಮ್ಮ ಮೇಷ್ಟ್ರು ಓದಿರೋರು," ಎಂದಳು. ಅಷ್ಟೇ. ನನ್ನನ್ನು ಎತ್ತಿ ಬಸ್ಸಿನ ಮೆಟ್ಟಿಲ ಮೇಲೆ ನೂಕಿ, ತಾನೂ ಹತ್ತಿ, "ಬಾರೇ!" ಎಂದು ತಂಗಿಯನ್ನು ಕೂಗಿದಳು. ಚಿಕ್ಕಮ್ಮ ಚೀಲಗಳನ್ನು ಅಲ್ಲೇ ಬಿಟ್ಟು ಓಡಿಬಂದು ಹತ್ತಿದಳು. ಬಸ್ಸು ತಿರುಗುವಾಗ ಹೂವಿನ ಅಂಗಡಿಯ ಮುಂದೆ ಅಪ್ಪ ಬಾಯಿ ತೆರೆದು ನಿಂತಿದ್ದ. ನಮ್ಮನ್ನು ಕೂಗಿದ. ಅಮ್ಮ ತಿರುಗಿ ನೋಡಲಿಲ್ಲ.

ಮತ್ತೋಡಿನಲ್ಲಿ ಇಳಿದು ಅಜ್ಜನ ಮನೆಯ ಬೀದಿಗೆ ಬಂದಾಗ ಅಮ್ಮ ಮೂಲೆಯಲ್ಲಿ ನಿಂತುಬಿಟ್ಟಳು. ಸಾವಾದ ಮನೆಯಾದರೆ ಬೀದಿಯ ತುದಿಗೇ ಅಳು ಕೇಳಬೇಕು, ಅಂಗಳದಲ್ಲಿ ಬೆಂಕಿ ಹಾಕಿರಬೇಕು, ಗಂಡಸರು ಗುಂಪು ಕೂತಿರಬೇಕು. ಕೇಳಿಸಿದ್ದು ಹಟ್ಟಿಯ ಕುರಿಗಳು ಬ್ಯಾ ಎನ್ನುವುದು ಮಾತ್ರ. ಚಿಕ್ಕಮ್ಮ, "ಎಲ್ಲಾ ಮುಗಿಸ್ಕಂಡು ಬಂದ್ಬಿಟ್ಟವ್ರೇನೋ ಅಕ್ಕ," ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಆಗ ಮಾವ ಕೈಯಲ್ಲಿ ಚೊಂಬು ಹಿಡಿದು ಹೊರಗೆ ಬಂದ. ನಮ್ಮನ್ನು ನೋಡಿದವನೇ, "ಈಗ ಬಂದ್ರಾ? ಬೆಳಗಿನ ರೈಲಿಗೆ ಬರ್ತೀರಿ ಅಂತ ಕಾಯ್ತಿದ್ವಲ್ಲಕ್ಕ!" ಎಂದು ಕೂಗಿದ.

ಅಮ್ಮ ಒಳಗೆ ಓಡಿದಳು. ಅಜ್ಜ ಕಂಬಳಿಯ ಮೇಲೆ ಮಲಗಿದ್ದ. ಉಣ್ಣೆಯ ವಾಸನೆ, ಕಷಾಯದ ವಾಸನೆ. ಉಸಿರು ದೊಡ್ಡದಾಗಿ, ತಡೆತಡೆದು ಬರುತ್ತಿತ್ತು. ಕಣ್ಣು ಅರ್ಧ ತೆರೆದಿದ್ದವು. ಅಮ್ಮ "ಅಪ್ಪಾ" ಎಂದು ಕರೆದಾಗ ಆ ಕಣ್ಣು ಅವಳ ಕಡೆ ಹೊರಳಿದವು, ತುಟಿ ಅಲುಗಿದವು, ಮಾತು ಹೊರಡಲಿಲ್ಲ.

"ಮಧ್ಯಾಹ್ನದ ತನಕ ಚೆನ್ನಾಗೇ ಮಾತಾಡ್ತಿದ್ದ," ಎಂದ ಮಾವ ಮೆಲ್ಲಗೆ. "ದೊಡ್ಡ ಮಗಳು ಬಂದ್ಲಾ, ಬಂದ್ಲಾ ಅಂತ ಒಂದೇ ಸಮ ಕೇಳ್ತಿದ್ದ. ಏನೋ ಹೇಳಬೇಕು ಅಂತಿದ್ದ. ನಂಗೆ ಹೇಳು ಅಂದ್ರೆ, ನಿಂಗಲ್ಲ ಅಂದ. ಊಟದ ಹೊತ್ತಿಗೆ ಮಾತು ನಿಂತೋಯ್ತು."

ಮುಂದಿನ ಬಸ್ಸಿಗೆ ಅಪ್ಪ ಬಂದ. ಒಂದು ಕೈಯಲ್ಲಿ ಚೀಲಗಳು, ಇನ್ನೊಂದರಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಹಾರ. ಬಾಗಿಲಲ್ಲಿ ನಿಂತು ಒಳಗೆ ಇಣುಕಿದವನು ಅಜ್ಜನ ಎದೆ ಏರಿಳಿಯುವುದನ್ನು ನೋಡಿ ಹಾಗೇ ಹಿಂದೆ ಸರಿದ. ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ಅತ್ತಿತ್ತ ನೋಡಿ ಹಟ್ಟಿಯ ಬೇಲಿಯ ಆಚೆ ಎಸೆದ. ಕುರಿಗಳು ಮುಗಿಬಿದ್ದು ಹೂವನ್ನೂ ತಿಂದವು, ಬಾಳೆಎಲೆಯನ್ನೂ ತಿಂದವು.

ಆಮೇಲೆ ಅಪ್ಪ ಮಾವನ ಮೇಲೆ ರೇಗಿದ. "ಸೀರಿಯಸ್ ಅಂತ ಬರೆದ್ರೆ ಯಾರಾದ್ರೂ ಏನು ತಿಳ್ಕಬೇಕು? ಬದುಕವ್ನೆ ಅಂತ ಬರೀಬಾರ್ದಿತ್ತಾ?"

"ಸೀರಿಯಸ್ ಇತ್ತು, ಸೀರಿಯಸ್ ಅಂತ ಬರ್ಸಿದೆ ಭಾವ. ಬ್ಯಾರೆ ಏನಂತ ಬರೀಬೇಕಿತ್ತು?" ಎಂದ ಮಾವ.

'ಸೀರಿಯಸ್' ಎಂಬ ಮಾತನ್ನು ಸಾವಿಗೆ, 'ಹುಷಾರಿಲ್ಲ' ಎಂಬ ಮಾತನ್ನು ಹೆಂಗಸರಿಗೆ ಕೊಟ್ಟುಬಿಟ್ಟಿದ್ದೆವು. ನಿಜವಾಗಿ ಸಾವು ಬದುಕಿನ ನಡುವೆ ಮಲಗಿದವನಿಗೆ ನಮ್ಮ ಹತ್ತಿರ ಒಂದು ಮಾತೂ ಉಳಿದಿರಲಿಲ್ಲ. ಅಪ್ಪ ಜಗಲಿಯ ಮೇಲೆ ಕುಸಿದು ಕೂತು, ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅವನು ಅಳುವುದನ್ನು ನಾನು ಆವರೆಗೆ ನೋಡಿರಲಿಲ್ಲ, ಬಹಳ ಸಂಕಟವಾಯಿತು. ಬೆಳಗಿನ ರೈಲಿಗೇ ಬರಬೇಕಿತ್ತು ಎಂದು ಹೇಳುತ್ತಲೇ ಇದ್ದ.

ಅಜ್ಜ ಮಾರನೆಯ ದಿನ ಬೆಳಿಗ್ಗೆ ಹೋದ. ಅಷ್ಟು ಹೊತ್ತೂ ಅಮ್ಮ ಅವನ ಕೈ ಹಿಡಿದೇ ಕೂತಿದ್ದಳು. ಅವಳು ಅಪ್ಪನನ್ನು ಬೈಯಲಿಲ್ಲ, ಯಾವತ್ತೂ. ಆದರೆ ಆಮೇಲೆ ಯಾರು ಹುಷಾರಿಲ್ಲ ಎಂದರೂ, ಯಾರು ಚೆನ್ನಾಗಿದ್ದಾರೆ ಎಂದರೂ ನಂಬಲಿಲ್ಲ, ತಾನೇ ಹೋಗಿ ನೋಡಿಕೊಂಡು ಬರುತ್ತಿದ್ದಳು. ಕೆಲಸ ಮಾಡುತ್ತ ಮಾಡುತ್ತ ಒಮ್ಮೊಮ್ಮೆ ನಿಂತು, "ಏನು ಹೇಳಬೇಕು ಅಂತಿದ್ನೋ," ಅನ್ನುತ್ತಿದ್ದಳು. ಮುದುಕಿಯಾಗುವ ತನಕ ಅಂದಳು.

ಈಗ ನಿಮ್ಮ ಕಾಲ. ತಂತಿ ಇಲ್ಲ, ಆ ಹೊಗೆ ಇಂಜಿನ್ನೂ ಇಲ್ಲ. ಆ ಪದ ಮಾತ್ರ ನಿಮ್ಮ ಬಾಯಲ್ಲಿ ದಿನಕ್ಕೆ ಇಪ್ಪತ್ತು ಸಲ ಬರುತ್ತದೆ. "ಸೀರಿಯಸ್ ಆಗಿ ಹೇಳ್ತಿದೀನಿ ಅಜ್ಜಿ, ಬಿಸ್ಕತ್ತು ನಾನು ತಿಂದಿಲ್ಲ" ಎನ್ನುತ್ತೀರಿ. ನನ್ನ ಎದೆ ಈಗಲೂ ಒಮ್ಮೆ ಧಸಕ್ಕೆನ್ನುತ್ತದೆ. ಬಿಸ್ಕತ್ತು ತಿಂದವರು ಯಾರೆಂಬುದೂ ನನಗೆ ಗೊತ್ತಿರುತ್ತದೆ, ಆ ಮಾತು ಬೇರೆ.

ಮುಖ ತೋರಿಸುವ ಫೋನು ಬಂದಿದೆ, ಇನ್ನು ಯಾರೂ ಯಾರಿಗೂ ಮುಚ್ಚಿಡಲಾರರು ಎಂದುಕೊಂಡಿದ್ದೆ. ಎಲ್ಲಿ ಬಂತು? ಹೋದ ವರ್ಷ ನಾನು ಹರಿಯಬ್ಬೆ ಊರಿನ ನಮ್ಮ ಮನೆಯಲ್ಲಿದ್ದಾಗ ಚಿತ್ರದುರ್ಗದಿಂದ ನಿಮ್ಮಮ್ಮ ಎರಡು ದಿನ ಫೋನಿನಲ್ಲಿ ನಕ್ಕೂ ನಕ್ಕೂ "ಎಲ್ಲಾ ಆರಾಮು ಅತ್ತೆ" ಎಂದಳು. ನಿಮ್ಮಪ್ಪ ಎಲ್ಲಿ ಎಂದರೆ ಮೀಟಿಂಗು ಎಂದಳು. ಭಾನುವಾರ ಎಂಥ ಮೀಟಿಂಗು? ಆಗ ನಿಮ್ಮಿಬ್ಬರಲ್ಲಿ ಚಿಕ್ಕವಳು ಫೋನು ಕಸಿದುಕೊಂಡು, "ಅಜ್ಜಿ, ಅಪ್ಪಂಗೆ ಎದೆನೋವು ಬಂದು ಆಸ್ಪತ್ರೇಲಿದಾರೆ, ನಾ ಹೇಳಿದೆ ಅನ್ಬೇಡ," ಎಂದುಬಿಟ್ಟಳು. ಮನೆಯಲ್ಲಿ ಅವಳಿಗೆ ಎಲ್ಲರೂ ಬೈದರಂತೆ. ನಾನು ಬೈಯುವುದಿಲ್ಲ. ಹಿರಿಯೂರಿಗೆ ಬಂದು, ಸಿಕ್ಕಿದ ಬಸ್ಸು ಹತ್ತಿ, ಮಧ್ಯಾಹ್ನಕ್ಕೆ ಮೊದಲೇ ಆಸ್ಪತ್ರೆಯಲ್ಲಿದ್ದೆ. ನಿಮ್ಮಪ್ಪ ನನ್ನನ್ನು ನೋಡಿ "ನಿಂಗ್ಯಾರಮ್ಮ ಹೇಳಿದ್ದು?" ಎಂದ. ನಾನು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತೆ. ಅವನು ಸಂಜೆಯವರೆಗೂ ಮಾತಾಡಿದ. ದೊಡ್ಡ ವಿಷಯವೇನೂ ಅಲ್ಲ, ಊರಿನ ಬೋರ್‌ವೆಲ್ ಮೋಟಾರು, ನಿಮ್ಮ ಸ್ಕೂಲಿನ ವ್ಯಾನು, ಆಸ್ಪತ್ರೆಯ ಸಪ್ಪೆ ಸಾರು. ಒಂದೊಂದು ಮಾತನ್ನೂ ನಾನು ಕೇಳಿಸಿಕೊಂಡೆ. ನಮ್ಮಮ್ಮನಿಗೆ ಅಷ್ಟೂ ಸಿಕ್ಕಿರಲಿಲ್ಲ.